ಮೊದಲು ಅಕ್ಷರ ಬರಲಿ, ಅಲಂಕಾರ ಆಮೇಲೆ



ಈ ಸಲ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಸಿಟ್ಟು ಬೇರೆಯವರ ಮೇಲೆ ಕಡಿಮೆ, ನನ್ನ ಮೇಲೆ ಹೆಚ್ಚು. ಯಾಕೆ ಎಂದು ಹೇಳುತ್ತೇನೆ, ಪೂರ್ತಿ ಓದಿ. ಆಮೇಲೆ ಬೈಯುವವರು ಬೈಯಿರಿ.

ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ಕಡೆಯ ನಮ್ಮ ಯುವಕ ಯುವತಿಯರು ಸೇರಿ ಒಂದು ಚಿಕ್ಕ ಕನ್ನಡ ವಿಕಿ ಮಾಡಿದ್ದು ನಿಮಗೆ ಗೊತ್ತೇ ಇದೆ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿ ಎಂಬ ಸಾಫ್ಟ್‌ವೇರಿನ ಮೇಲೆ. ಅದು ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಅದನ್ನೇ ತಂದು ಹಾಕಿದೆವು. ಹಿರಿಯರು ಹೇಳಿದ ಊರ ಸುದ್ದಿ, ಹೊಲದ ಹೆಸರುಗಳು, ಮನೆಮದ್ದು, ಗಾದೆಗಳು, ಇವನ್ನೆಲ್ಲ ಒಂದೊಂದೇ ಪುಟ ಮಾಡಿ ಬರೆದೆವು. ಎಲ್ಲಕ್ಕಿಂತ ಹೆಚ್ಚು ಜನ ಓದುವ ಪುಟ 1993ರ ಭೂಕಂಪದ್ದು. ಆ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ನೆಲ ನಡುಗಿ ಸುಮಾರು 10,000 ಜನ ಸತ್ತರು. ಅಂದು ಬದುಕಿ ಉಳಿದ ನಮ್ಮ ಅಜ್ಜ ಅಜ್ಜಿಯರು ತಮ್ಮ ಬಾಯಿಂದಲೇ ಹೇಳಿದ ಮಾತು ಆ ಪುಟದಲ್ಲಿದೆ.

ಕಳೆದ ತಿಂಗಳು ನಿಲಂಗಾ ಕಡೆಯ ಒಂದು ಹಳ್ಳಿಯಿಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ರಾತ್ರಿ ಎಂಟೂವರೆಗೆ ಫೋನ್ ಮಾಡಿದಳು. ಆ ಪುಟದಲ್ಲಿ ಅವಳ ಅಜ್ಜಿ ಹೇಳಿದ ಮಾತೂ ಇದೆ. ಅಜ್ಜಿಗೆ ಓದಿ ಹೇಳಬೇಕು ಎಂದು ತೆರೆದಿದ್ದಳು.

"ಅಣ್ಣಾ, ನಮ್ಮ ವಿಕಿ ತೆರಿವಲ್ದು. ಬರೀ ಬೆಳ್ಳಗ ಕಾಣ್ತದ."

"ನೆಟ್ ಇರ್ಲಿಕ್ಕಿಲ್ಲ ನೋಡು ತಂಗಿ."

"ನೆಟ್ ಅದ ಅಣ್ಣಾ. ವಾಟ್ಸಪ್ ಮೆಸೇಜ್ ಬರ್ಲಿಕ್ಕತ್ತಾವ. ನಿಮ್ಮದೊಂದೇ ಬರವಲ್ದು."

ಫೋನ್ ಅವಳ ಅಪ್ಪನದು. ಆ ದಿನದ ಡೇಟಾ ಮುಗಿದಿತ್ತು. ಅಜ್ಜಿ ಕಾದು ಕಾದು ಮಲಗಲು ಹೋದರಂತೆ. ಮರುದಿನ ನಾನು ಕುಳಿತು ನೋಡಿದೆ. ತಪ್ಪು ನೆಟ್‌ವರ್ಕಿನದೂ ಅಲ್ಲ, ಫೋನಿನದೂ ಅಲ್ಲ. ತಪ್ಪು ನಾನು ಬರೆದ ನಾಲ್ಕು ಸಾಲುಗಳದು.

ಪುಟ ತೆರೆಯುವಾಗ ಏನಾಗುತ್ತದೆ?

ಬ್ರೌಸರ್ ಒಂದು ಪುಟವನ್ನು ನಾವು ಓದುವ ಹಾಗೆಯೇ ಮೇಲಿನಿಂದ ಕೆಳಗೆ ಓದುತ್ತದೆ. ಓದುತ್ತಾ ಓದುತ್ತಾ ತೆರೆಯ ಮೇಲೆ ತೋರಿಸುತ್ತದೆ. ನಡುವೆ ಒಂದು ಸ್ಕ್ರಿಪ್ಟ್ ಟ್ಯಾಗ್ ಸಿಕ್ಕಿತು ಅನ್ನಿ, ಅಲ್ಲೇ ನಿಲ್ಲುತ್ತದೆ. ಆ ಜಾವಾಸ್ಕ್ರಿಪ್ಟ್ ಫೈಲ್ ಪೂರ್ತಿ ಇಳಿಯಬೇಕು, ಪೂರ್ತಿ ಓಡಬೇಕು, ಆಮೇಲೆಯೇ ಮುಂದಿನ ಸಾಲು. ಆ ಸ್ಕ್ರಿಪ್ಟ್ ಪುಟವನ್ನೇ ಬದಲಿಸಿಬಿಡಬಹುದು ಎಂಬ ಭಯ ಬ್ರೌಸರಿಗೆ. ಸ್ಕ್ರಿಪ್ಟನ್ನು ಪುಟದ ತಲೆಯಲ್ಲೇ ಇಟ್ಟರೆ, ಅದು ಮುಗಿಯುವ ತನಕ ಓದುವವರಿಗೆ ಒಂದು ಅಕ್ಷರವೂ ಕಾಣುವುದಿಲ್ಲ.

ಹಬ್ಬದ ದಿನ ಊಟಕ್ಕೆ ಜನ ಬಂದು ನಿಂತಿದ್ದಾರೆ, ಅನ್ನ ಸಾರು ಬಿಸಿಬಿಸಿ ತಯಾರಾಗಿದೆ ಎಂದುಕೊಳ್ಳಿ. ಆದರೆ "ಸೀರಿಯಲ್ ಲೈಟ್ ಹಾಕುವುದು ಮುಗಿಯಲಿ, ಆಮೇಲೆ ಬಾಗಿಲು ತೆಗೆಯೋಣ" ಎಂದು ಯುವಕ ಸಂಘದವರು ಹೇಳಿದರೆ ನೀವು ಬಿಡುತ್ತೀರಾ? ಮೊದಲು ಊಟಕ್ಕೆ ಕೂಡಿಸಿ, ಲೈಟು ಆಮೇಲೆ ಹಾಕಿಕೊಳ್ಳಿ ಎನ್ನುತ್ತೀರಿ. ವೆಬ್‌ನಲ್ಲಿ ಹಾಗೆ ಹೇಳುವ ಶಬ್ದವೇ ಡಿಫರ್. ಸ್ಕ್ರಿಪ್ಟ್ ಟ್ಯಾಗಿನಲ್ಲಿ ಆ ಒಂದು ಶಬ್ದ ಸೇರಿಸಿದರೆ ಸಾಕು: ಫೈಲ್ ಹಿನ್ನೆಲೆಯಲ್ಲಿ ಇಳಿಯುತ್ತಿರುತ್ತದೆ, ಪುಟ ಓದುವುದು ನಿಲ್ಲುವುದಿಲ್ಲ. ಪುಟವೆಲ್ಲ ಓದಿಯಾದ ಮೇಲೆ ಸ್ಕ್ರಿಪ್ಟುಗಳು ತಮ್ಮ ಸರದಿಯಂತೆ ಓಡುತ್ತವೆ. ಅಸಿಂಕ್ ಎಂಬ ಇನ್ನೊಂದು ಶಬ್ದವೂ ಇದೆ. ಅದು ಹಿನ್ನೆಲೆಯಲ್ಲೇ ಇಳಿಯುತ್ತದೆ, ಆದರೆ ಸರದಿ ನೋಡುವುದಿಲ್ಲ. ಯಾವುದು ಮೊದಲು ಬಂತೋ ಅದು ಮೊದಲು ಓಡುತ್ತದೆ.

ಒಂದು ಲೆಕ್ಕ ಮಾಡೋಣ

ನಾನು ಬಿಎಸ್ಸಿ ಓದಿದವನು, ಲೆಕ್ಕವಿಲ್ಲದೆ ಮಾತಾಡಿದರೆ ನಮ್ಮ ಸರ್ ಬೈಯುತ್ತಾರೆ. ದಿನದ ಡೇಟಾ ಮುಗಿದ ಮೇಲೆ ಎಷ್ಟೋ ಪ್ಲ್ಯಾನುಗಳಲ್ಲಿ ನೆಟ್ ಬಂದ್ ಆಗುವುದಿಲ್ಲ, 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದು ಕಿಲೋಬಿಟ್. 8ರಿಂದ ಭಾಗಿಸಿದರೆ ಸೆಕೆಂಡಿಗೆ 8 ಕಿಲೋಬೈಟ್.

ಭೂಕಂಪದ ಪುಟದ ಬರಹ, ಕುಗ್ಗಿಸಿ ಕಳಿಸಿದಾಗ, 24 ಕೆಬಿ. ಅಂದರೆ 3 ಸೆಕೆಂಡಿನ ಕೆಲಸ. ಪುಟದ ತಲೆಯಲ್ಲಿ ನಾನು ತುಂಬಿದ್ದ ಸ್ಕ್ರಿಪ್ಟುಗಳು ಎಲ್ಲ ಸೇರಿ 480 ಕೆಬಿ. ಅಂದರೆ 60 ಸೆಕೆಂಡು. ಸರ್ವರಿಗೂ ಫೋನಿಗೂ ನಡೆಯುವ ಹೋಗಿಬರುವ ಮಾತುಕತೆಯ ಸಮಯ ಬೇರೆ, ಹಳೇ ಫೋನು ಆ ಸ್ಕ್ರಿಪ್ಟನ್ನು ಓಡಿಸುವ ಸಮಯ ಬೇರೆ. ನನ್ನನ್ನು ಚುಚ್ಚುವ ಮಾತು ಇದು: ಅಜ್ಜಿಯ ಮಾತಿನ ಅಕ್ಷರಗಳಲ್ಲಿ ಬಹುಪಾಲು ಮೊದಲೇ ಆ ಫೋನಿಗೆ ಬಂದು ಕೂತಿದ್ದಿರಬೇಕು. ಅವನ್ನು ತೋರಿಸಲು ನಾನು ಬಿಟ್ಟಿರಲಿಲ್ಲ.

ಆ 480 ಕೆಬಿಯಲ್ಲಿ ಏನೇನಿತ್ತು? ಫೋಟೋ ತಾನಾಗಿ ಸರಿಯುವ ಸ್ಲೈಡರ್. ಎಷ್ಟು ಜನ ಬಂದರು ಎಂದು ಎಣಿಸುವ ಕೌಂಟರ್. ಸೋಶಿಯಲ್ ಮೀಡಿಯಾ ಪೆಟ್ಟಿಗೆ. ಜೊತೆಗೆ ಕ್ರಿಸ್ಮಸ್‌ಗೆಂದು ಹಾಕಿ ತೆಗೆಯಲು ಮರೆತ ಹಿಮ ಬೀಳುವ ಆಟ. ಮರಾಠವಾಡದಲ್ಲಿ ಹಿಮ! ಮಳೆ ಬಂದರೇ ದೊಡ್ಡದು ಎನ್ನುವ ಊರಿನಲ್ಲಿ, ಭೂಕಂಪದ ಪುಟದ ಮೇಲೆ ಹಿಮ ಬೀಳಿಸಲು ಒಂದು ಮಗುವನ್ನು ಕಾಯಿಸಿದೆ.

ವಿಕಿಪೀಡಿಯದವರು ಮಾಡಿದ್ದನ್ನು ನಾವು ಕೆಡಿಸುತ್ತೇವೆ

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. "ಮೀಡಿಯಾವಿಕಿಯೇ ಭಾರ" ಎಂದು ನಮ್ಮ ಗುಂಪಿನಲ್ಲಿ ಕೆಲವರು ಹೇಳಿದರು. ಸುಳ್ಳು. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಂದಿನಿಂದ ಆ ಸಾಫ್ಟ್‌ವೇರನ್ನು ಹಗುರ ಮಾಡಲು ಅದರ ಎಂಜಿನಿಯರುಗಳು ಪಟ್ಟ ಕಷ್ಟ ಸಣ್ಣದಲ್ಲ. 2011ರಲ್ಲಿ ರಿಸೋರ್ಸ್‌ಲೋಡರ್ ಬಂತು. ಹತ್ತಾರು ಚಿಕ್ಕ ಫೈಲುಗಳನ್ನು ಒಂದುಗೂಡಿಸಿ, ಕುಗ್ಗಿಸಿ, ಯಾವ ಪುಟಕ್ಕೆ ಏನು ಬೇಕೋ ಅಷ್ಟನ್ನೇ ಕಳಿಸುವ ವ್ಯವಸ್ಥೆ ಅದು. 2015ರಲ್ಲಿ, 1.26ನೇ ಆವೃತ್ತಿಯ ಹೊತ್ತಿಗೆ, ಜಾವಾಸ್ಕ್ರಿಪ್ಟ್ ಎಲ್ಲವನ್ನೂ ಹಿನ್ನೆಲೆಯಲ್ಲಿ ಇಳಿಸುವಂತೆ ಮಾಡಿದರು. ಅಂದರೆ ಬರಹ ಮೊದಲು, ಸ್ಕ್ರಿಪ್ಟ್ ಆಮೇಲೆ ಎಂಬುದು ಅಲ್ಲಿ ಹತ್ತು ವರ್ಷದಷ್ಟು ಹಳೆಯ ನಿಯಮ. ಇಂದೂ ನೀವು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಬಂದ್ ಮಾಡಿ ಕನ್ನಡ ವಿಕಿಪೀಡಿಯದ ಬೀದರ್ ಲೇಖನ ತೆರೆಯಿರಿ. ಓದಲು ಏನೂ ತೊಂದರೆಯಿಲ್ಲ.

ಅಲ್ಲಿಗೂ ಅವರು ಸುಮ್ಮನೆ ಕೂಡಲಿಲ್ಲ. ಸ್ಕ್ರಿಪ್ಟುಗಳನ್ನು ಶುರು ಮಾಡುವ ಮೊದಲ ಫೈಲ್ 36 ಕೆಬಿ ಇತ್ತು. ಅದನ್ನು 28 ಕೆಬಿಗೆ ಇಳಿಸಲು 2018ರಿಂದ 2019ರ ತನಕ ಸುಮಾರು ಒಂದು ವರ್ಷ ದುಡಿದರು. 28 ಯಾಕೆ? ಸರ್ವರ್ ಮೊದಲ ಸಲಕ್ಕೆ ಸಾಮಾನ್ಯವಾಗಿ ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಕಳಿಸಿ, ತಲುಪಿತು ಎಂಬ ಉತ್ತರಕ್ಕಾಗಿ ಕಾಯುತ್ತದೆ. ಅಂಥ ಎರಡು ಕಂತಿನಲ್ಲಿ ಮುಗಿಯಲಿ ಎಂದು 28. ಆ ಒಂದು ವರ್ಷದ ಕೆಲಸದಿಂದ ಪ್ರಪಂಚದ ಓದುಗರಿಗೆ ದಿನಕ್ಕೆ 4.3 ಟೆರಾಬೈಟ್ ಡೇಟಾ ಉಳಿಯಿತು ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. 8 ಕೆಬಿಗಾಗಿ ಅವರು ವರ್ಷ ಕಳೆದರು. ನಾನು ಒಂದು ಮಧ್ಯಾಹ್ನದಲ್ಲಿ 480 ಕೆಬಿ ತುಂಬಿದೆ.

ತುಂಬಿದ್ದು ಹೇಗೆ? ರಿಸೋರ್ಸ್‌ಲೋಡರಿಗೆ ಕೊಡದೆ, ಸೆಟ್ಟಿಂಗ್ಸ್ ಫೈಲಿನಿಂದ ನೇರವಾಗಿ ಪುಟದ ತಲೆಗೆ ಸ್ಕ್ರಿಪ್ಟ್ ಟ್ಯಾಗ್ ಅಂಟಿಸಿದೆ. ಎಲ್ಲಿಂದಲೋ ಕಾಪಿ ಮಾಡಿದ ಸಾಲುಗಳು. ನನ್ನ ಫೋನಿನಲ್ಲಿ, ನಮ್ಮ ಮನೆಯ ವೈಫೈನಲ್ಲಿ ಚಂದ ಓಡಿತು. ಅಷ್ಟಕ್ಕೇ ಕೈತೊಳೆದುಕೊಂಡೆ. ಇದು ನನ್ನೊಬ್ಬನ ಚಾಳಿ ಎಂದುಕೊಳ್ಳಬೇಡಿ. ಕನ್ನಡದಲ್ಲಿ ಏನಾದರೂ ವೆಬ್ ಕೆಲಸ ಮಾಡುವ ನಮ್ಮ ವಯಸ್ಸಿನವರನ್ನು ಕೇಳಿ ನೋಡಿ. ಎಷ್ಟು ಚಂದ ಕಾಣುತ್ತದೆ ಎಂದು ಎಲ್ಲರೂ ತೋರಿಸುತ್ತಾರೆ. ನಿಧಾನದ ನೆಟ್‌ನಲ್ಲಿ ಎಷ್ಟು ಸೆಕೆಂಡಿಗೆ ಮೊದಲ ಸಾಲು ಬರುತ್ತದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ.

ನೆಪಗಳಿಗೆ ಉತ್ತರ

ಮೊದಲನೇ ನೆಪ: "ಈಗ 5ಜಿ ಬಂದಿದೆ, ಇನ್ನೆರಡು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ." 5ಜಿ ಬಂದರೂ ಎಷ್ಟೋ ಪ್ಲ್ಯಾನುಗಳಲ್ಲಿ ದಿನದ ಕೋಟಾ ಕೋಟಾವೇ. ಒಂದೇ ಫೋನಿನಲ್ಲಿ ಅಪ್ಪ ಸೋಯಾಬೀನ್ ದರ ನೋಡಿ, ಅಣ್ಣ ಕ್ರಿಕೆಟ್ ನೋಡಿ, ಕೊನೆಗೆ ರಾತ್ರಿ ಎಂಟಕ್ಕೆ ತಂಗಿಯ ಕೈಗೆ ಬರುವ ಹೊತ್ತಿಗೆ ಉಳಿಯುವುದು ಆ 64 ಮಾತ್ರ. ಮನೆಯಲ್ಲಿ ಕೊನೆಯ ಸರದಿ ಯಾರದು ಎಂದು ನಿಮಗೆ ಗೊತ್ತು. ಇನ್ನೊಂದು ಮಾತು, ಜಾವಾಸ್ಕ್ರಿಪ್ಟ್ ಇಳಿದರೆ ಮುಗಿಯಲಿಲ್ಲ. ಅದನ್ನು ಫೋನು ಓದಿ ಅರ್ಥ ಮಾಡಿಕೊಂಡು ಓಡಿಸಬೇಕು. ದುಬಾರಿ ಫೋನು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುವುದಕ್ಕೆ ಅಗ್ಗದ ಹಳೇ ಫೋನು ಎಷ್ಟೋ ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಅದನ್ನು ಯಾವ ಟವರೂ ಸರಿಮಾಡುವುದಿಲ್ಲ.

ಎರಡನೇ ನೆಪ: "ಕನ್ನಡ ಅಕ್ಷರವೇ ಭಾರ, ಅದಕ್ಕೇ ನಿಧಾನ." ಇದರಲ್ಲಿ ಅರ್ಧ ಸತ್ಯವಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. 'ಕರ್ನಾಟಕ' ಎಂಬ ಒಂದು ಶಬ್ದಕ್ಕೆ 21 ಬೈಟ್. ಆದರೆ ಸರ್ವರ್ ಕುಗ್ಗಿಸಿ ಕಳಿಸುವಾಗ ಇದರಲ್ಲಿ ಬಹುಪಾಲು ಇಳಿದುಹೋಗುತ್ತದೆ. ನಮ್ಮ ದೊಡ್ಡ ಪುಟವೇ 24 ಕೆಬಿ ಎಂದೆನಲ್ಲ? ಇಪ್ಪತ್ತು ಪಟ್ಟು ಭಾರದ ಸ್ಕ್ರಿಪ್ಟನ್ನು ಹೊರಿಸಿ, ತಪ್ಪನ್ನು ಕನ್ನಡದ ತಲೆಗೆ ಕಟ್ಟುವುದು ನಾಚಿಕೆಗೇಡು.

ಮೂರನೇ ನೆಪ ಮಾತ್ರ ತೂಕದ್ದು. ಉದಗೀರದ ನಮ್ಮ ಗೆಳೆಯನೊಬ್ಬ ಹೇಳಿದ: "ಸ್ಕ್ರಿಪ್ಟ್ ಆಮೇಲೆ ಬಂದರೆ ಪುಟ ಕುಣಿಯುತ್ತದೆ. ಓದುತ್ತಿದ್ದ ಸಾಲು ಕೆಳಗೆ ಜಾರುತ್ತದೆ. ಗುಂಡಿ ಒತ್ತಿದರೆ ಕೆಲಸ ಮಾಡುವುದಿಲ್ಲ." ನಿಜ, ಆಗುತ್ತದೆ. ನನಗೂ ಆಯಿತು. ಅವಸರದಲ್ಲಿ ಎಲ್ಲದಕ್ಕೂ ಅಸಿಂಕ್ ಹಾಕಿದೆ. ಗ್ಯಾಲರಿಯ ಸ್ಕ್ರಿಪ್ಟ್ ತನಗೆ ಬೇಕಾದ ಲೈಬ್ರರಿಗಿಂತ ಮೊದಲೇ ಓಡಿ, ಫೋಟೋಗಳೆಲ್ಲ ಮಾಯ. ಆದರೆ ಇದಕ್ಕೆ ಮದ್ದು ಇದೆ. ಒಂದನ್ನೊಂದು ನಂಬಿದ ಸ್ಕ್ರಿಪ್ಟುಗಳಿಗೆ ಸರದಿ ಕಾಯುವ ಡಿಫರ್ ಹಾಕಬೇಕು. ಆಮೇಲೆ ಬರುವ ಚಿತ್ರಕ್ಕೆ ಮೊದಲೇ ಅಗಲ ಎತ್ತರ ಹೇಳಿ ಜಾಗ ಬಿಟ್ಟರೆ ಸಾಲು ಜಾರುವುದಿಲ್ಲ. ಗುಂಡಿಯನ್ನು ಮೊದಲು ಸಾದಾ ಲಿಂಕ್ ಆಗಿ ಬರೆದರೆ ಸ್ಕ್ರಿಪ್ಟ್ ಬಾರದಿದ್ದರೂ ಕೆಲಸ ಮಾಡುತ್ತದೆ. ಸ್ವಲ್ಪ ಹೆಚ್ಚು ಕೆಲಸ, ಒಪ್ಪುತ್ತೇನೆ. ಆ ಕೆಲಸ ಒಂದು ಸಲ ನಾವು ಮಾಡಬೇಕೋ, ಅಥವಾ ದಿನಾ ಸಂಜೆ ಪ್ರತಿಯೊಬ್ಬ ಓದುಗನೂ ಕಾಯಬೇಕೋ?

ಡಿಫರ್ ಬಗ್ಗೆ ಸುಳ್ಳು ಭರವಸೆಯನ್ನೂ ಕೊಡಲಾರೆ. ಅದು ಭಾರ ಇಳಿಸುವುದಿಲ್ಲ, ಸರದಿ ಬದಲಿಸುತ್ತದೆ ಅಷ್ಟೇ. 480 ಕೆಬಿ ಆಮೇಲೆ ಬಂದರೂ ಅಪ್ಪನ ಡೇಟಾದಿಂದಲೇ ಹೋಗುತ್ತದೆ. ಹಾಗಾಗಿ ಬೇಡದ್ದನ್ನು ಮೊದಲು ಕಿತ್ತುಹಾಕಿ, ಬೇಕಾದದ್ದನ್ನು ಆಮೇಲೆ ತನ್ನಿ.

ಗಡಿಯಲ್ಲಿ ಇದು ಯಾಕೆ ಹೆಚ್ಚು ಮುಖ್ಯ?

"ಒಂದು ನಿಮಿಷ ಕಾದರೆ ಏನು ಹೋಗುತ್ತದೆ?" ಎಂದು ಕೇಳುವವರು ನಮ್ಮ ಊರುಗಳನ್ನು ಒಮ್ಮೆ ನೋಡಲಿ. 1956ರ ತನಕ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು. ರಾಜ್ಯಗಳು ಬೇರೆಯಾದಾಗ ಗಡಿ ನಡುವೆ ಬಂತು, ಮನೆಮಾತು ಉಳಿಯಿತು. ಇಂದು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಮರಾಠಿ ಮಾಧ್ಯಮದಲ್ಲಿ ಅಥವಾ ಸೆಮಿ ಇಂಗ್ಲಿಷ್‌ನಲ್ಲಿ. ಮರಾಠಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಾನೂ ಅದರಲ್ಲೇ ಕಲಿತವನು, ನಮ್ಮ ನೆರೆಹೊರೆ, ಸಂತೆ, ಗೆಳೆತನ ಎಲ್ಲ ಅದರಲ್ಲೇ ನಡೆಯುತ್ತದೆ. ಆದರೆ ಈ ಮಕ್ಕಳಿಗೆ ಕನ್ನಡ ಅಕ್ಷರ ಕಾಣುವ ಜಾಗ ಎಷ್ಟಿವೆ ಎಣಿಸಿ. ಭಾನುವಾರ ಕೈಗೆ ಬರುವ ಪುಸ್ತಕ, ಮನೆಯ ಕ್ಯಾಲೆಂಡರ್, ಮತ್ತು ಫೋನು.

ಇಂಥ ಮಗು ಕನ್ನಡ ಓದುವುದೇ ಕೂಡಿಸಿ ಕೂಡಿಸಿ. ಅದು ತಾನಾಗಿ ಒಂದು ಕನ್ನಡ ಪುಟ ತೆರೆಯಲು ಮನಸ್ಸು ಮಾಡಿದ್ದೇ ದೊಡ್ಡದು. ಆ ಹೊತ್ತಿನಲ್ಲಿ ಬಿಳಿ ತೆರೆ ತೋರಿಸಿದರೆ ಅದು ಕಾಯುವುದಿಲ್ಲ. ಮರಾಠಿಯಲ್ಲಿ ಹುಡುಕುತ್ತದೆ, ಇಲ್ಲವೆ ರೀಲ್ಸ್‌ಗೆ ಹೋಗುತ್ತದೆ. ಬೆಂಗಳೂರಿನ ಮಗುವಿಗೆ ಒಂದು ಪುಟ ತಪ್ಪಿದರೆ ಬೀದಿಯ ಬೋರ್ಡಿನಲ್ಲಾದರೂ ಕನ್ನಡ ಸಿಗುತ್ತದೆ. ನಮ್ಮ ಮಗುವಿಗೆ ಆ ಪುಟವೇ ಆ ವಾರದ ಕನ್ನಡ. ನಾವು ಸಭೆಯಲ್ಲಿ ಎದ್ದು ನಿಂತು "ಮಕ್ಕಳು ಕನ್ನಡ ಓದುವುದಿಲ್ಲ" ಎಂದು ಕೊರಗುತ್ತೇವೆ. ಓದಲು ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಿದವರು ಯಾರು?

ಮಾಡಬೇಕಾದ್ದು

ಯಾರೇ ಕನ್ನಡದಲ್ಲಿ ವಿಕಿ ನಡೆಸುತ್ತಿದ್ದರೆ, ನಡೆಸುವ ಆಸೆಯಿದ್ದರೆ, ಇಷ್ಟು ಮಾಡಿ:

1. ಜಾವಾಸ್ಕ್ರಿಪ್ಟ್ ಬಂದ್ ಮಾಡಿ ಪುಟ ತೆರೆಯಿರಿ. ಬರಹ ಕಾಣದಿದ್ದರೆ ಪುಟ ಕೆಟ್ಟಿದೆ ಎಂದೇ ತಿಳಿಯಿರಿ.

2. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗವನ್ನು ಬೇಕೆಂದೇ ಇಳಿಸಬಹುದು. 64 ಕೆಬಿಪಿಎಸ್ ಹಾಕಿ, ಗಡಿಯಾರ ಹಿಡಿದು ಕೂಡಿ.

3. ಮೀಡಿಯಾವಿಕಿಯಲ್ಲಿ ಪುಟದ ತಲೆಗೆ ಕೈಯಿಂದ ಸ್ಕ್ರಿಪ್ಟ್ ಅಂಟಿಸಬೇಡಿ. ರಿಸೋರ್ಸ್‌ಲೋಡರ್ ಮಾಡ್ಯೂಲ್ ಆಗಿ ಅಥವಾ ಗ್ಯಾಜೆಟ್ ಆಗಿ ಕೊಡಿ. ಹಿನ್ನೆಲೆಯಲ್ಲಿ ಇಳಿಸುವುದನ್ನು ಅದೇ ನೋಡಿಕೊಳ್ಳುತ್ತದೆ.

4. ಕಾಮನ್.ಜೆಎಸ್ ಪುಟದಲ್ಲಿ ಬರೆದದ್ದು ಬಂದವರೆಲ್ಲರಿಗೂ, ಪ್ರತಿ ಪುಟದಲ್ಲೂ ಓಡುತ್ತದೆ. ಸಂಪಾದನೆ ಮಾಡುವ ನಾಲ್ಕು ಜನರಿಗೆ ಬೇಕಾದ ಸಲಕರಣೆಯನ್ನು ಅಲ್ಲಿ ಹಾಕಿ, ಓದುವ ನಾನೂರು ಜನರ ಮೇಲೆ ಹೊರಿಸಬೇಡಿ. ಗ್ಯಾಜೆಟ್ ಮಾಡಿದರೆ ಬೇಕಾದವರು ಆನ್ ಮಾಡಿಕೊಳ್ಳುತ್ತಾರೆ.

5. ಒತ್ತಿದಾಗ ಬೇಕಾಗುವುದನ್ನು ಒತ್ತಿದಾಗಲೇ ಇಳಿಸಿ. ಫೋಟೋ ಗ್ಯಾಲರಿಯ ಸ್ಕ್ರಿಪ್ಟ್ ಗ್ಯಾಲರಿ ತೆರೆದವರಿಗೆ ಮಾತ್ರ ಸಾಕು.

6. ಕ್ರಿಸ್ಮಸ್ ಹಿಮ ಕಿತ್ತುಹಾಕಿ. ಡಿಸೆಂಬರಿನಲ್ಲೂ.

ನಾವು ಇದನ್ನೆಲ್ಲ ಮಾಡಲು ಎರಡು ಶನಿವಾರ ಹಿಡಿಯಿತು. 480 ಕೆಬಿ ಈಗ 110ಕ್ಕೆ ಬಂದಿದೆ, ಅದೂ ಬರಹದ ಹಿಂದೆ ಬರುತ್ತದೆ. ಸ್ಲೈಡರ್ ಹೋಯಿತು ಎಂದು ಇಬ್ಬರು ಮುನಿಸಿಕೊಂಡಿದ್ದಾರೆ, ಮುನಿಸು ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಆ ತಂಗಿಗೆ ನಾನೇ ಫೋನ್ ಮಾಡಿ, ರಾತ್ರಿ ಡೇಟಾ ಮುಗಿದ ಮೇಲೆಯೇ ತೆರೆದು ನೋಡು ಎಂದೆ. ಐದು ಎಣಿಸುವಷ್ಟರಲ್ಲಿ ಬಂತಂತೆ. ಅಜ್ಜಿಗೆ ಪೂರ್ತಿ ಓದಿ ಹೇಳಿದಳು. ಅಜ್ಜಿ ಕೇಳಿ, "ನಾ ಹಂಗ ಹೇಳಿಲ್ಲ, ಅವತ್ತ ಎಮ್ಮಿ ಮೊದಲ ಒದರಿತ್ತು, ನಾಯಿ ಆಮ್ಯಾಲ" ಎಂದರಂತೆ. ಹುಡುಗಿ ಅಲ್ಲೇ ಕುಳಿತು ತಿದ್ದಿದಳು. ಆ ಪುಟಕ್ಕೆ ನಮ್ಮ ಗುಂಪಿನ ಹೊರಗಿನವರು ಮಾಡಿದ ಮೊದಲ ತಿದ್ದುಪಡಿ ಅದು.

ಬರುವ ಭಾನುವಾರ ಮನೆಯಲ್ಲಿರುವ ಎಲ್ಲಕ್ಕಿಂತ ಹಳೆಯ ಫೋನ್ ತೆಗೆದುಕೊಂಡು ಬನ್ನಿ. ಗಾಜು ಒಡೆದದ್ದಾದರೂ ಸರಿ. ವಿಕಿಯ ಪ್ರತಿ ಪುಟವನ್ನೂ ಅದರಲ್ಲಿ ತೆರೆದು ನೋಡೋಣ. ನಿಧಾನ ಬಂದ ಪುಟಗಳ ಪಟ್ಟಿ ಮಾಡೋಣ, ಹಂಚಿಕೊಂಡು ಸರಿಮಾಡೋಣ. ಕೋಡ್ ಬಾರದವರೂ ಬನ್ನಿ, ಗಡಿಯಾರ ಹಿಡಿಯಲು ಜನ ಬೇಕು.

ಪ್ರೀತಿಯಿಂದ,
ನಿಮ್ಮ ಸಹೋದರ
ಯುವ ಸಂಘದ ಪರವಾಗಿ